ಹಳೇ ಕಾರಿನ ಮುಂದಿನ ಸಸ್ಪೆನ್ಷನ್ ಮನೆಯಲ್ಲೇ ಬಿಚ್ಚಿ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕಾರು ಇಟ್ಟುಕೊಂಡವರು ಎಲ್ಲೇ ಸಿಕ್ಕರೂ ಮಾತು ಕೊನೆಗೆ ಮುಂದಿನ ಚಕ್ರದ ಸದ್ದಿಗೇ ಬಂದು ನಿಲ್ಲುತ್ತದೆ. ನಾನು ಇಲ್ಲಿವರೆಗೆ ಮೂರು ಕಾರುಗಳ ಮುಂಭಾಗವನ್ನು ಕೈಯಾರೆ ಬಿಚ್ಚಿ ಜೋಡಿಸಿದ್ದೇನೆ. ಜನ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದು ಉತ್ತರ ಕೊಟ್ಟಿದ್ದೇನೆ. ಎಲ್ಲ ಓದೋಕೆ ಆಗದಿದ್ದರೆ ಬುಷ್ (ಕೀಲುಗಳಲ್ಲಿ ಕೂರಿಸುವ ರಬ್ಬರ್ ಕೊಳವೆ) ಬೇಗ ಹರಿಯುವ ಬಗ್ಗೆ ಇರುವ ಉತ್ತರವನ್ನಾದರೂ ಓದಿ. ಮನೆಯಲ್ಲಿ ಮಾಡಿದ ಕೆಲಸ ಜಾಸ್ತಿ ಹಾಳಾಗುವುದು ಅಲ್ಲೇ.

## ಕೈ ಹಾಕುವ ಮೊದಲು

ಗುಂಡಿಗೆ ಇಳಿದಾಗ ಮುಂದೆ ಟಕ್ ಟಕ್ ಅಂತ ಸದ್ದು ಬರುತ್ತೆ. ಎಲ್ಲಾ ಬಿಚ್ಚಲೇಬೇಕಾ?

ಬೇಡ. ಮೊದಲು ಸದ್ದು ಯಾವಾಗ ಬರುತ್ತೆ ಅಂತ ಗಮನಿಸಿ. ಸಣ್ಣ ಸಣ್ಣ ಉಬ್ಬುಗಳ ಮೇಲೆ ನಿಧಾನವಾಗಿ ಹೋಗುವಾಗ ಕಟಕಟ ಅಂದರೆ ಸ್ಟೆಬಿಲೈಸರ್ ಲಿಂಕ್ (ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿ) ಅಥವಾ ಅದರ ರಬ್ಬರ್ ಮೇಲೆ ಅನುಮಾನ ಪಡಿ, ಅದು ಅರ್ಧ ಗಂಟೆಯ ಕೆಲಸ. ಬ್ರೇಕ್ ಒತ್ತಿದಾಗ ಒಂದೇ ಒಂದು ಸಲ ದಪ್ಪನೆಯ ಸದ್ದು ಬಂದರೆ ಲೋವರ್ ಆರ್ಮ್ (ಚಕ್ರವನ್ನು ಕಾರಿನ ಮೈಗೆ ಸೇರಿಸುವ ಕೆಳಗಿನ ತೋಳು) ಬುಷ್ ಹೋಗಿರಬಹುದು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ ಅಂತ ಹಾರಿದ ಹಾಗಾದರೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಂಬ) ಮೇಲಿನ ಬೇರಿಂಗ್ ಹಿಡಿದುಕೊಂಡಿದೆ ಅಂತ ಅರ್ಥ. ಆದರೆ ಕಾರಿಗೆ ಇಪ್ಪತ್ತು ಮೂವತ್ತು ವರ್ಷ ಆಗಿದ್ದು ರಬ್ಬರ್ ಎಲ್ಲ ಹಳೆಯದೇ ಆಗಿದ್ದರೆ, ಒಂದಕ್ಕೆ ಬಿಚ್ಚಿದಾಗಲೇ ಎಲ್ಲವನ್ನೂ ಬದಲಿಸುವುದು ಒಳ್ಳೆಯದು. ಇಲ್ಲದಿದ್ದರೆ ಅದೇ ಬೋಲ್ಟುಗಳ ಜೊತೆ ಮೂರು ಸಲ ಗುದ್ದಾಡಬೇಕಾಗುತ್ತದೆ.

ಯಾವುದು ಸವೆದಿದೆ ಅಂತ ಬಿಚ್ಚದೇನೇ ತಿಳಿಯೋದು ಹೇಗೆ?

ಚಕ್ರವನ್ನು ನೆಲದಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಗಡಿಯಾರದ 12 ಮತ್ತು 6 ಇರುವ ಜಾಗ. ಆಟ (ಸಡಿಲ) ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್ (ಆರ್ಮಿನ ತುದಿಯ ಗುಂಡು ಕೀಲು) ಅಥವಾ ಕಿಂಗ್ ಪಿನ್ (ಕೆಲವು ಹಳೇ ಕಾರಲ್ಲಿ ಅದರ ಬದಲು ಇರುವ ದಪ್ಪ ಪಿನ್). ಆಮೇಲೆ 3 ಮತ್ತು 9ರ ಜಾಗದಲ್ಲಿ ಹಿಡಿದು ನೋಡಿ, ಅಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್ (ಸ್ಟಿಯರಿಂಗ್ ಸರಳಿನ ತುದಿಯ ಕೀಲು) ಅಥವಾ ಸ್ಟಿಯರಿಂಗ್ ರ‍್ಯಾಕ್.

ಜ್ಯಾಕ್ ಎಲ್ಲಿ ಕೊಡುತ್ತೀರಿ ಅನ್ನೋದು ಇಲ್ಲಿ ಮುಖ್ಯ. ಸ್ಪ್ರಿಂಗ್ ಲೋವರ್ ಆರ್ಮ್ ಮೇಲೆ ಕೂತಿರುವ ಕಾರಿನಲ್ಲಿ ಕಾರಿನ ಮೈಗೆ ಜ್ಯಾಕ್ ಕೊಟ್ಟು ಎತ್ತಿದರೆ, ಸ್ಪ್ರಿಂಗ್ ಆರ್ಮನ್ನು ಒತ್ತಿ ಹಿಡಿದು ಬಾಲ್ ಜಾಯಿಂಟಿನ ಆಟವನ್ನೇ ಮುಚ್ಚಿಬಿಡುತ್ತದೆ. ಅಂಥ ಕಾರಿಗೆ ಬಾಲ್ ಜಾಯಿಂಟಿನ ಹತ್ತಿರ ಲೋವರ್ ಆರ್ಮ್ ಕೆಳಗೇ ಜ್ಯಾಕ್ ಕೊಡಿ. ಸ್ಟ್ರಟ್ ಇರುವ ಕಾರಿನಲ್ಲಿ ಚಕ್ರ ಜೋತಾಡುವಂತೆ ಬಿಟ್ಟು ಪರೀಕ್ಷಿಸಿ. ಬುಷ್‌ಗಳನ್ನು ಟಾರ್ಚ್ ಹಿಡಿದು ಕಣ್ಣಲ್ಲೇ ನೋಡಬೇಕು, ಉದ್ದನೆಯ ಮೀಟುಗೋಲಿನಿಂದ ಆರ್ಮನ್ನು ಮೆಲ್ಲಗೆ ಮೀಟಿದರೆ ಬಿರುಕು ಬಾಯಿ ಬಿಡುತ್ತದೆ.

ಕಾರಿನ ಮೂಲೆ ಒತ್ತಿ ಬಿಟ್ಟರೆ ಒಂದೇ ಸಲ ಕುಣಿಯುತ್ತೆ. ಹಾಗಾದ್ರೆ ಶಾಕ್ ಚೆನ್ನಾಗಿದೆ ಅಲ್ವಾ?

ಹಾಗೇನಿಲ್ಲ. ಆ ಪರೀಕ್ಷೆಯಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಹಳೇ ಬುಷ್‌ಗಳ ಬಿಗುವೇ ಕುಣಿತವನ್ನು ತಡೆಯುತ್ತಿರಬಹುದು. ಶಾಕಿನ ಮೈಮೇಲೆ ಎಣ್ಣೆ ಇಳಿದಿದೆಯಾ, ಟೈರ್ ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದೆಯಾ ಅಂತ ನೋಡಿ.

ನನ್ನ ಕಾರಿನ ಮುಂದೆ ಯಾವ ಥರದ ಸಸ್ಪೆನ್ಷನ್ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಬಾನೆಟ್ ತೆಗೆದಾಗ ಎರಡೂ ಪಕ್ಕದ ಗೋಪುರದ ಮೇಲೆ ನಟ್ಟುಗಳು ಕಂಡು, ಕೆಳಗೆ ಒಂದೇ ಆರ್ಮ್ ಇದ್ದರೆ ಅದು ಮ್ಯಾಕ್‌ಫರ್ಸನ್ ಸ್ಟ್ರಟ್. 1950ರ ಫೋರ್ಡ್ ಕನ್ಸಲ್ ಕಾಲದಿಂದ ಇದು ಹರಡಿತು, ಇವತ್ತಿಗೂ ಸಣ್ಣ ಕಾರುಗಳಲ್ಲಿ ಜಾಸ್ತಿ ಇದೇ. ಮೇಲೊಂದು ಕೆಳಗೊಂದು ಆರ್ಮ್ ಇದ್ದು ನಡುವೆ ಸ್ಪ್ರಿಂಗ್ ಇದ್ದರೆ ಡಬಲ್ ವಿಶ್‌ಬೋನ್. ಸ್ಪ್ರಿಂಗೇ ಕಾಣದೆ, ಆರ್ಮ್‌ನಿಂದ ಹಿಂದಕ್ಕೆ ಉದ್ದನೆಯ ಕಬ್ಬಿಣದ ಸರಳು ಹೋಗಿದ್ದರೆ ಟಾರ್ಷನ್ ಬಾರ್, ಮಾರಿಸ್ ಮೈನರ್‌ನಲ್ಲಿ ಇದ್ದ ಹಾಗೆ. ಹಳೇ ಬೀಟಲ್‌ನಲ್ಲಿ ಅಡ್ಡ ಕೊಳವೆಯೊಳಗೆ ಪಟ್ಟಿಗಳ ಕಟ್ಟು ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುತ್ತದೆ. 1959ರ ಮಿನಿಯಲ್ಲಂತೂ ರಬ್ಬರ್ ಕೋನ್. ಒಂದರ ವಿಧಾನ ಇನ್ನೊಂದಕ್ಕೆ ನಡೆಯಲ್ಲ. ಅದಕ್ಕೇ ನಿಮ್ಮ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನ್ಯುಯಲ್ ಕೈಗೆ ಬರುವವರೆಗೆ ಒಂದು ನಟ್ಟೂ ಸಡಿಲಿಸಬೇಡಿ.

ಏನೇನು ಟೂಲ್ ಬೇಕು? ಎಷ್ಟು ದಿನ ಹಿಡಿಯುತ್ತೆ?

ಗಟ್ಟಿ ಜ್ಯಾಕ್, ಎರಡು ಆಕ್ಸಲ್ ಸ್ಟ್ಯಾಂಡ್, ಸಾಕೆಟ್ ಸೆಟ್, ಉದ್ದ ಹಿಡಿಯ ಬಾರ್, ಟಾರ್ಕ್ ರೆಂಚ್ (ಎಷ್ಟು ಬಲದಿಂದ ಬಿಗಿಯಾಯಿತು ಅಂತ ತೋರಿಸುವ ಪಾನಾ), ಬಾಲ್ ಜಾಯಿಂಟ್ ಪುಲ್ಲರ್, ದೊಡ್ಡ ವೈಸ್, ಎರಡು ಸುತ್ತಿಗೆ, ವೈರ್ ಬ್ರಷ್, ತುಕ್ಕು ಬಿಡಿಸುವ ಎಣ್ಣೆ. ಕಾಯಿಲ್ ಸ್ಪ್ರಿಂಗ್ ಇದ್ದರೆ ಅದನ್ನು ಒತ್ತಿ ಹಿಡಿಯುವ ಒಳ್ಳೇ ಸ್ಪ್ರಿಂಗ್ ಕಂಪ್ರೆಸರ್. ಮೊದಲ ಸಲ ಮಾಡುವವರಿಗೆ ಒಂದೊಂದು ಕಡೆಗೂ ಎರಡು ಪೂರ್ತಿ ದಿನ ಬೇಕು ಅಂದುಕೊಳ್ಳಿ. ಮರುದಿನ ಬೆಳಿಗ್ಗೆ ಆ ಕಾರಲ್ಲೇ ಎಲ್ಲಿಗೋ ಹೋಗಬೇಕು ಅನ್ನೋ ಪರಿಸ್ಥಿತಿಯಲ್ಲಿ ಮಾತ್ರ ಶುರು ಮಾಡಬೇಡಿ. ಆತುರಕ್ಕೆ ಬಿದ್ದರೆ ಹಳೇ ನಟ್ಟು, ಹಳೇ ಪಿನ್ ಎಲ್ಲ ವಾಪಸ್ ಒಳಗೆ ಹೋಗುತ್ತವೆ.

## ಬಿಚ್ಚುವಾಗ

ಎರಡು ನಿಮಿಷದ ಕೆಲಸಕ್ಕೆ ಬರೀ ಜ್ಯಾಕ್ ಮೇಲೆ ನಿಲ್ಲಿಸಿದ್ರೆ ಸಾಲ್ದಾ?

ಸಾಲದು. ಹೈಡ್ರಾಲಿಕ್ ಜ್ಯಾಕ್ ನಿಂತಿರುವುದು ಒಂದು ಸಣ್ಣ ರಬ್ಬರ್ ಸೀಲಿನ ಮೇಲೆ. ಸಸ್ಪೆನ್ಷನ್ ಕೆಲಸದಲ್ಲಿ ನಾವು ಕಾರನ್ನು ಜೋರಾಗಿ ಎಳೆಯುತ್ತೇವೆ, ಗುದ್ದುತ್ತೇವೆ, ಅದು ಜಾರಲು ಅಷ್ಟೇ ಸಾಕು. ಸಮನಾದ ಗಟ್ಟಿ ನೆಲ, ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ, ಬಾಡಿಯ ಗಟ್ಟಿ ಜಾಗದ ಕೆಳಗೆ ಎರಡೂ ಕಡೆ ಸ್ಟ್ಯಾಂಡ್. ಇಟ್ಟ ಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಬಾಗಿಲ ಪಟ್ಟಿಯ ಕೆಳಗೆ ಮಲಗಿಸಿಡಿ. ಇಟ್ಟಿಗೆ, ಹಾಲೋ ಬ್ಲಾಕ್ ಯಾವತ್ತೂ ಬೇಡ, ಅವು ಸೂಚನೆ ಕೊಡದೆ ಪುಡಿಯಾಗುತ್ತವೆ.

ಬಿಚ್ಚುವ ಮುಂಚೆ ಏನೇನು ಅಳೆದಿಡಬೇಕು?

ಕಾರು ಸಮನೆಲದಲ್ಲಿ ತನ್ನ ಕಾಲ ಮೇಲೆ ನಿಂತಿರುವಾಗ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನೇರವಾಗಿ ಅಳೆಯಿರಿ. ಎರಡೂ ಕಡೆ, ಮಿಲಿಮೀಟರ್ ಲೆಕ್ಕದಲ್ಲಿ. ಈ ಒಂದು ಅಳತೆಯ ಮೇಲೆ ಮುಂದೆ ಬಹಳ ನಿಂತಿದೆ. ಆಮೇಲೆ ಟೈ ರಾಡ್ ಎಂಡಿನ ಪಿನ್ ನಡುವಿನಿಂದ ರಾಡಿನ ಮೇಲೆ ಒಂದು ಗುರುತಿನವರೆಗೆ ಎಷ್ಟಿದೆ ನೋಡಿ ಬರೆದುಕೊಳ್ಳಿ. ಎಷ್ಟು ಸುತ್ತು ಬಿಚ್ಚಿದೆ ಅಂತ ಎಣಿಸುವವರೂ ಇದ್ದಾರೆ, ಆದರೆ ಹೊಸ ಎಂಡಿನ ಉದ್ದ ಹಳೆಯದರಷ್ಟೇ ಇರುತ್ತೆ ಅಂತ ಏನೂ ಇಲ್ಲ.

ಸ್ಟ್ರಟ್ ಮತ್ತು ನಕಲ್ (ಚಕ್ರದ ಹಬ್ ಹೊರುವ ಭಾಗ) ಸೇರುವ ಬೋಲ್ಟುಗಳ ಸುತ್ತ ಪೇಂಟ್ ಮಾರ್ಕರಿನಿಂದ ಗೆರೆ ಹಾಕಿ, ಕೆಲವು ಕಾರಲ್ಲಿ ಕ್ಯಾಂಬರ್ (ಚಕ್ರ ಒಳಗೆ ಅಥವಾ ಹೊರಗೆ ವಾಲುವ ಕೋನ) ಸೆಟ್ಟಿಂಗ್ ಅಲ್ಲೇ ಇರುತ್ತದೆ. ವಿಶ್‌ಬೋನ್ ಹಿಂದೆ ತೆಳು ತಗಡಿನ ಶಿಮ್‌ಗಳಿದ್ದರೆ ಪ್ರತಿ ಬೋಲ್ಟಿನವನ್ನೂ ಬೇರೆ ಬೇರೆ ದಾರದಲ್ಲಿ ಪೋಣಿಸಿ ಚೀಟಿ ಕಟ್ಟಿ. ಒಂದು ಕಡೆ ಮುಗಿಯುವವರೆಗೆ ಇನ್ನೊಂದು ಕಡೆ ಬಿಚ್ಚಬೇಡಿ. ಅನುಮಾನ ಬಂದಾಗ ಎದ್ದು ಹೋಗಿ ನೋಡೋಕೆ ಒಂದು ಮಾದರಿ ಇರುತ್ತದೆ.

ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಏನ್ ಮಾಡ್ಲಿ?

ಎರಡು ದಿನ ಮೊದಲೇ ಶುರು ಮಾಡಬೇಕಿತ್ತು. ವೈರ್ ಬ್ರಷ್‌ನಿಂದ ಹೊರಗೆ ಕಾಣುವ ಮರೆಯನ್ನು (ಬೋಲ್ಟಿನ ತಿರುಪು ಗೆರೆಗಳನ್ನು) ಉಜ್ಜಿ, ಬೆಳಿಗ್ಗೆ ಸಂಜೆ ಎಣ್ಣೆ ಬಿಡುತ್ತಾ ಬನ್ನಿ. ತೆಗೆಯುವ ದಿನ ಮೊದಲು ಸ್ವಲ್ಪ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿ, ಕಿರ್ ಅಂತ ಸಣ್ಣ ಸದ್ದು ಬಂದರೆ ತುಕ್ಕು ಬಿಟ್ಟಿದೆ. ಕಾಲು ಸುತ್ತು ಬಿಚ್ಚಿ, ಮತ್ತೆ ವಾಪಸ್ ತಿರುಗಿಸಿ, ಎಣ್ಣೆ ಬಿಟ್ಟು, ಹೀಗೆ ಹಿಂದೆ ಮುಂದೆ ಮಾಡುತ್ತಾ ತನ್ನಿ.

ಲೋವರ್ ಆರ್ಮಿನ ಉದ್ದ ಬೋಲ್ಟು ಬುಷ್ ಒಳಗಿನ ಕಬ್ಬಿಣದ ಕೊಳವೆಗೇ ಅಂಟಿಕೊಂಡಿರುವುದು ಬಹಳ ಸಾಮಾನ್ಯ. ತಲೆ ತಿರುಗಿದ ಹಾಗೆ ಕಾಣುತ್ತದೆ, ನಿಜಕ್ಕೂ ರಬ್ಬರ್ ತಿರುಚುತ್ತಿರುತ್ತದೆ. ಹೇಗೂ ಬುಷ್ ಎಸೆಯುವುದೇ ಆದ್ದರಿಂದ ಬೋಲ್ಟನ್ನು ಎರಡೂ ಬದಿಯಲ್ಲಿ ಗರಗಸದಿಂದ ಕೊಯ್ದು ತೆಗೆಯುವುದೇ ಲೇಸು. ಬೆಂಕಿ ಕೊಡುವುದಾದರೆ ಬ್ರೇಕ್ ಪೈಪು, ಪೆಟ್ರೋಲ್ ಪೈಪು, ರಬ್ಬರ್, ಶಾಕ್ ಯಾವುದೂ ಹತ್ತಿರ ಇರಬಾರದು. ಮುಚ್ಚಿದ ಶಾಕ್ ಬಿಸಿಯಾದರೆ ಸಿಡಿಯುತ್ತದೆ.

ಬಾಲ್ ಜಾಯಿಂಟ್ ನಟ್ಟು ತೆಗೆದೆ, ಆದ್ರೂ ಕಚ್ಚಿಕೊಂಡೇ ಇದೆ

ಅದರ ಕಡ್ಡಿ ಮೊನಚಾಗುತ್ತಾ ಹೋಗುವ ಟೇಪರ್. ವರ್ಷಗಟ್ಟಲೆ ಭಾರ ಬಿದ್ದು ಕೂತಿದೆ, ಎಳೆದರೆ ಬರುವುದಿಲ್ಲ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಹಾಗೇ ಬಿಡಿ, ಬಿಟ್ಟಾಗ ಆರ್ಮ್ ಹಾರಿ ಬಡಿಯುವುದಿಲ್ಲ. ಪುಲ್ಲರ್ ಹಾಕಿ ಬಿಗಿ ಮಾಡಿ, ಆ ಒತ್ತಡ ಇರುವಾಗಲೇ ಕಡ್ಡಿ ಕೂತಿರುವ ಕಣ್ಣಿನ (ತೂತಿನ) ಪಕ್ಕಕ್ಕೆ ಸುತ್ತಿಗೆಯಿಂದ ಒಂದೆರಡು ಗಟ್ಟಿ ಏಟು ಕೊಡಿ. ಎದುರು ಬದಿಗೆ ಇನ್ನೊಂದು ಭಾರದ ಸುತ್ತಿಗೆ ಒತ್ತಿ ಹಿಡಿದರೆ ಇನ್ನೂ ಒಳ್ಳೆಯದು. ಪಟ್ ಅಂತ ಒಂದು ಸದ್ದು ಬರುತ್ತದೆ, ಮೊದಲ ಸಲ ಕೇಳಿದವರು ಏನೋ ಮುರಿಯಿತು ಅಂದುಕೊಳ್ಳುತ್ತಾರೆ. ಅದೇ ಬೇಕಾದ ಸದ್ದು. ಮೇಲಿನಿಂದ ಕಡ್ಡಿಯ ತುದಿಗೆ ಹೊಡೆಯಬೇಡಿ, ಮರೆ ಹಾಳಾಗುವುದು ಬಿಟ್ಟರೆ ಇನ್ನೇನೂ ಆಗುವುದಿಲ್ಲ.

ಹೊಸದು ಹಾಕುವಾಗ ಟೇಪರ್ ಒಣಗಿ ಸ್ವಚ್ಛವಾಗಿರಲಿ, ಗ್ರೀಸ್ ಹಚ್ಚಬೇಡಿ.

ಸ್ಪ್ರಿಂಗ್ ತೆಗೆಯೋಕೆ ಭಯ ಆಗುತ್ತೆ. ಅಷ್ಟು ಅಪಾಯನಾ?

ಹೌದು, ಆ ಭಯ ಇರಲಿ. ಕಾರಿನ ಒಂದು ಮೂಲೆಯ ಭಾರ ಹೊರುವ ವಸ್ತು ಅದು. ಒತ್ತಿ ಹಿಡಿದಿರುವಾಗ ತಪ್ಪಿಸಿಕೊಂಡರೆ ಜೀವ ತೆಗೆಯುವಷ್ಟು ಬಲ ಅದರಲ್ಲಿದೆ. ಸ್ಟ್ರಟ್ ಆದರೆ ಕಂಪ್ರೆಸರಿನ ಎರಡು ಕೊಂಡಿಗಳನ್ನು ಒಂದಕ್ಕೊಂದು ನೇರ ಎದುರಿಗೆ ಹಾಕಿ, ಆದಷ್ಟು ಜಾಸ್ತಿ ಸುರುಳಿಗಳನ್ನು ಹಿಡಿಯುವಂತೆ. ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು, ಕೈಯಿಂದಲೇ. ಗಾಳಿ ಗನ್ ಬೇಡ. ಸ್ಪ್ರಿಂಗ್ ಮೇಲಿನ ತಟ್ಟೆಯಿಂದ ಸಡಿಲವಾಗಿ ಅಲ್ಲಾಡುವವರೆಗೆ ನಡುವಿನ ನಟ್ಟಿಗೆ ಕೈ ಹಾಕಬಾರದು. ಮುಖ, ಎದೆ ಯಾವತ್ತೂ ಅದರ ನೇರಕ್ಕೆ ಬೇಡ.

ಸ್ಪ್ರಿಂಗ್ ಆರ್ಮ್ ಮತ್ತು ಫ್ರೇಮ್ ನಡುವೆ ಇದ್ದರೆ ಲೋವರ್ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು, ಸ್ಪ್ರಿಂಗಿನೊಳಗಿಂದ ಗಟ್ಟಿ ಸರಪಳಿ ಹಾಯಿಸಿ ಫ್ರೇಮಿಗೆ ಕಟ್ಟಿ, ಬಾಲ್ ಜಾಯಿಂಟ್ ಬಿಡಿಸಿದ ಮೇಲೆ ಜ್ಯಾಕನ್ನು ಇಂಚಿಂಚೇ ಇಳಿಸಬೇಕು. ಕಂಪ್ರೆಸರಿನ ಮರೆ ಸವೆದಿದ್ದರೆ, ಕೊಂಡಿ ಬಾಗಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ. ಬಿಚ್ಚಿದ ಸ್ಟ್ರಟ್ಟನ್ನು ಗ್ಯಾರೇಜಿಗೆ ಒಯ್ದು ಆ ಒಂದು ಕೆಲಸ ಮಾತ್ರ ಮಾಡಿಸಿಕೊಂಡು ಬರುವುದರಲ್ಲಿ ಅವಮಾನ ಏನೂ ಇಲ್ಲ.

## ಹೊಸದು ಕೂರಿಸುವಾಗ

ಬುಷ್ ಒತ್ತೋಕೆ ಪ್ರೆಸ್ ಇಲ್ಲ. ವೈಸ್‌ನಲ್ಲಿ ಆಗುತ್ತಾ?

ಆಗುತ್ತದೆ. ಒಂದು ಕಡೆ ಬುಷ್ ದಾಟಿಕೊಳ್ಳುವಷ್ಟು ದೊಡ್ಡ ಸಾಕೆಟ್, ಇನ್ನೊಂದು ಕಡೆ ಬುಷ್‌ನ ಹೊರಗಿನ ಕಬ್ಬಿಣದ ಅಂಚಿಗೆ ಸರಿಯಾಗಿ ಕೂರುವ ಸಾಕೆಟ್. ದಪ್ಪ ಬೋಲ್ಟು, ವಾಷರುಗಳಿಂದಲೂ ಎಳೆದುಕೊಳ್ಳಬಹುದು. ಒತ್ತಡ ಹೊರಗಿನ ಕವಚದ ಮೇಲೇ ಬೀಳಬೇಕು. ನಡುವಿನ ರಬ್ಬರ್ ಮೇಲೆ ಒತ್ತಿದರೆ ಹಾಕುವ ಮೊದಲೇ ಅದು ಹರಿಯುತ್ತದೆ. ಆರ್ಮಿನ ಕಣ್ಣನ್ನು ಮರಳು ಕಾಗದದಿಂದ ಉಜ್ಜಿ ತುಕ್ಕು ತೆಗೆಯಿರಿ. ಬರೀ ರಬ್ಬರ್ ಬುಷ್ ಆದರೆ ಸೋಪಿನ ನೀರು ಹಚ್ಚಿ, ಎಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬುತ್ತದೆ. ಕೆಲವು ಬುಷ್‌ಗಳಲ್ಲಿ ರಬ್ಬರ್ ನಡುವೆ ಬೇಕೆಂದೇ ಖಾಲಿ ಜಾಗ ಬಿಟ್ಟಿರುತ್ತಾರೆ. ಅದು ಯಾವ ದಿಕ್ಕಿಗೆ ಇತ್ತು ಅಂತ ಹಳೆಯದನ್ನು ತೆಗೆಯುವ ಮೊದಲೇ ಆರ್ಮ್ ಮೇಲೆ ಗೆರೆ ಹಾಕಿಕೊಳ್ಳಿ.

ರಬ್ಬರ್ ಹಾಕ್ಲಾ, ಪಾಲಿಯುರೆಥೇನ್ ಹಾಕ್ಲಾ?

ದಿನಾ ಓಡಿಸುವ ಹಳೇ ಕಾರಿಗೆ ನನ್ನ ಮತ ರಬ್ಬರಿಗೆ. ಕಾರು ಮೊದಲು ಹೇಗಿತ್ತೋ ಹಾಗೇ ಮೆತ್ತಗೆ ಓಡುತ್ತದೆ, ರಸ್ತೆಯ ನಡುಕ ಸ್ಟಿಯರಿಂಗಿಗೆ ಬರುವುದಿಲ್ಲ. ಪಾಲಿಯುರೆಥೇನ್ ಒಂದು ಥರದ ಪ್ಲಾಸ್ಟಿಕ್, ಗಟ್ಟಿ, ಬಾಳಿಕೆ ಜಾಸ್ತಿ, ತಿರುವಿನಲ್ಲಿ ಚಕ್ರ ಹೇಳಿದ ಮಾತು ಕೇಳುತ್ತದೆ. ಆದರೆ ಅದು ತನ್ನ ಕೊಳವೆಯ ಮೇಲೆ ಜಾರಿ ತಿರುಗುವಂಥದ್ದು, ಅದರ ಜೊತೆ ಬರುವ ಸಿಲಿಕೋನ್ ಗ್ರೀಸ್ ಧಾರಾಳವಾಗಿ ಹಚ್ಚದಿದ್ದರೆ ಕೀರಲು ಸದ್ದು ಶುರುವಾಗುತ್ತದೆ.

ಒಂದೇ ಕಡೆ ಶಾಕ್ ಸೋರ್ತಿದೆ. ಒಂದೇ ಹಾಕಿದ್ರೆ ಆಗಲ್ವಾ?

ಜೋಡಿಯಾಗಿ ಹಾಕಿ, ಸ್ಪ್ರಿಂಗ್ ಕೂಡ ಹಾಗೇ. ಒಂದು ಬಿಗಿ ಒಂದು ಸಡಿಲ ಆದರೆ ಬ್ರೇಕ್ ಹಾಕಿದಾಗ ಕಾರು ಓರೆಯಾಗುತ್ತದೆ. ಎಣ್ಣೆ ಶಾಕನ್ನು ಹಾಕುವ ಮೊದಲು ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಎಳೆದು ಒತ್ತಿ, ಮಲಗಿದ್ದಾಗ ಸೇರಿದ ಗಾಳಿ ಹೋಗಲಿ. ಹೊಳೆಯುವ ಕಡ್ಡಿಯನ್ನು ಪ್ಲೈಯರಿನಿಂದ ಹಿಡಿಯಬೇಡಿ, ಒಂದು ಗೀರು ಬಿದ್ದರೆ ಸೀಲ್ ಹೋಯಿತು. ಸ್ಪ್ರಿಂಗಿನ ತುದಿ ತಟ್ಟೆಯ ಗುಳಿಯಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಿಟ್ಟು ನೋಡಿ.

ಹೊಸ ಬುಷ್ ಹಾಕಿ ವರ್ಷ ಆಗಿಲ್ಲ, ಮತ್ತೆ ಹರಿದಿದೆ. ಮಾಲೇ ಕೆಟ್ಟದ್ದಾ?

ಇರಬಹುದು, ಆದರೆ ಬಹುತೇಕ ಸಲ ತಪ್ಪು ಬಿಗಿ ಮಾಡಿದ ರೀತಿಯಲ್ಲಿರುತ್ತದೆ. ರಬ್ಬರ್ ಬುಷ್ ಒಳಗೆ ಏನೂ ಜಾರುವುದಿಲ್ಲ. ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಕವಚಕ್ಕೂ ಅಂಟಿಕೊಂಡಿರುತ್ತದೆ, ಬೋಲ್ಟು ಬಿಗಿಯಾದ ಕೂಡಲೇ ಒಳಗಿನ ಕೊಳವೆ ಕಾರಿನ ಮೈಗೆ ಸೇರಿಹೋಗುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರ್ ತಿರುಚುವುದರಿಂದಲೇ. ಈಗ ಯೋಚಿಸಿ: ಕಾರು ಸ್ಟ್ಯಾಂಡ್ ಮೇಲಿದೆ, ಚಕ್ರ ಕೆಳಗೆ ಜೋತಾಡುತ್ತಿದೆ, ಆ ಸ್ಥಿತಿಯಲ್ಲೇ ನೀವು ಬೋಲ್ಟು ಬಿಗಿ ಮಾಡಿದಿರಿ. ಕಾರು ಕೆಳಗಿಳಿದ ಕ್ಷಣವೇ ರಬ್ಬರ್ ಪೂರ್ತಿ ತಿರುಚಿಕೊಂಡಿತು, ನಿಂತಲ್ಲೇ. ಇನ್ನು ಗುಂಡಿಗೆ ಇಳಿದರೆ ತಿರುಚಲು ಉಳಿದಿರುವುದು ಏನು?

ನಾನು ಮೊದಲ ಕಾರಿಗೆ ಮಾಡಿದ್ದು ಇದನ್ನೇ. ಎಂಟು ತಿಂಗಳಿಗೆ ತೆಗೆದು ನೋಡಿದರೆ ರಬ್ಬರ್ ಒಳಗಿನ ಕೊಳವೆಯ ಸುತ್ತ ಅರ್ಧಚಂದ್ರದ ಹಾಗೆ ಸೀಳಿತ್ತು. ಸೀಳು ಎರಡೂ ಕಡೆ ಒಂದೇ ದಿಕ್ಕಿಗೆ ಓರೆಯಾಗಿತ್ತು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಹೊರಗಿನ ರಬ್ಬರ್ ಮೇಲೆ ಅಚ್ಚಿನ ಗೆರೆಗಳೂ ಇನ್ನೂ ಹೊಸದರಂತೆ ಇದ್ದವು. ಅದನ್ನು ಕೈಯಲ್ಲಿ ಹಿಡಿದಾಗಲೇ ನನಗೆ ವಿಷಯ ಅರ್ಥವಾಗಿದ್ದು.

ಸರಿಯಾದ ಕ್ರಮ ಹೀಗೆ. ಆರ್ಮಿನ ಬುಷ್ ಬೋಲ್ಟುಗಳನ್ನು ಕೈಬಿಗಿ ಮಾತ್ರ ಮಾಡಿ ಬಿಡಿ. ಎಲ್ಲ ಜೋಡಿಸಿದ ಮೇಲೆ ಚಕ್ರ ಹಾಕಿ ಕಾರನ್ನು ಇಳಿಸಿ, ನಾಲ್ಕು ಸಲ ಮೂಲೆ ಒತ್ತಿ ಕೂರಿಸಿ, ಕೆಳಗೆ ಕೈ ಹೋಗುವ ಹಾಗಿದ್ದರೆ ಆಗ ಬಿಗಿ ಮಾಡಿ. ಕೈ ಹೋಗದಿದ್ದರೆ ಚಕ್ರಗಳ ಕೆಳಗೆ ರ‍್ಯಾಂಪ್ ಇಡಿ. ಅದೂ ಇಲ್ಲದಿದ್ದರೆ, ಕಾರು ಸ್ಟ್ಯಾಂಡ್ ಮೇಲಿರುವಾಗಲೇ ಲೋವರ್ ಆರ್ಮನ್ನು ಜ್ಯಾಕಿನಿಂದ ಎತ್ತುತ್ತಾ ಹೋಗಿ, ಮೊದಲು ಬರೆದಿಟ್ಟ ಅಳತೆ ಬಂದ ಕಡೆ ನಿಲ್ಲಿಸಿ ಬಿಗಿ ಮಾಡಿ. ಹೊಸ ಸ್ಪ್ರಿಂಗ್ ಹಾಕಿದ್ದರೆ ಮ್ಯಾನ್ಯುಯಲ್‌ನ ಎತ್ತರ ನೋಡಿ, ಕುಸಿದ ಸ್ಪ್ರಿಂಗಿನ ಹಳೇ ಅಳತೆ ಬೇಡ. ಎತ್ತುವಾಗ ಬಾಡಿ ಸ್ಟ್ಯಾಂಡ್ ಬಿಟ್ಟು ಮೇಲೇಳುತ್ತಿಲ್ಲ ಅಂತ ಕಣ್ಣಿಟ್ಟಿರಿ. ಜಾರಿ ತಿರುಗುವ ಪಾಲಿಯುರೆಥೇನ್ ಬುಷ್‌ಗೆ ಮಾತ್ರ ಈ ತೊಂದರೆ ಇಲ್ಲ.

ಟಾರ್ಕ್ ರೆಂಚ್ ನಿಜವಾಗ್ಲೂ ಬೇಕಾ? ಕೈಯಂದಾಜು ಸಾಲ್ದಾ?

ಬೇಕು. ಎಲ್ಲ ಕಾರಿಗೂ ಆಗುವ ಒಂದು ಅಂಕಿ ಇಲ್ಲ, ಮ್ಯಾನ್ಯುಯಲ್‌ನದ್ದೇ ಸರಿ. ಹಳೇ ಪುಸ್ತಕದಲ್ಲಿ ಪೌಂಡ್-ಅಡಿ ಇದ್ದರೆ 1.356ರಿಂದ, ಕಿಲೋಗ್ರಾಂ-ಮೀಟರ್ ಲೆಕ್ಕ ಇದ್ದರೆ 9.8ರಿಂದ ಗುಣಿಸಿ, ನ್ಯೂಟನ್-ಮೀಟರ್ ಸಿಗುತ್ತದೆ. ಬಾಲ್ ಜಾಯಿಂಟಿನ ಕಿರೀಟದಂಥ ನಟ್ಟನ್ನು ಟಾರ್ಕಿಗೆ ಬಿಗಿ ಮಾಡಿದ ಮೇಲೆ ಪಿನ್ ತೂತು ಸೇರದಿದ್ದರೆ ಇನ್ನೂ ಸ್ವಲ್ಪ ಮುಂದಕ್ಕೇ ತಿರುಗಿಸಿ, ಹಿಂದಕ್ಕೆ ಬೇಡ. ಸ್ಪ್ಲಿಟ್ ಪಿನ್, ನೈಲಾನ್ ನಟ್ಟು ಪ್ರತಿ ಸಲವೂ ಹೊಸದು.

## ಸ್ವಲ್ಪ ಮುಂದುವರಿದವರಿಗೆ

ನನ್ನ ಕಾರಲ್ಲಿ ಬಾಲ್ ಜಾಯಿಂಟ್ ಇಲ್ಲ, ಕಿಂಗ್ ಪಿನ್. ಮನೆಯಲ್ಲಿ ಆಗುತ್ತಾ?

ಬಿಚ್ಚಿ ಜೋಡಿಸಬಹುದು. ಹೊಸ ಬುಷ್ ಒತ್ತಿದ ಮೇಲೆ ಪಿನ್ನಿನ ಅಳತೆಗೆ ರೀಮರ್ (ತೂತನ್ನು ನಿಖರ ಅಳತೆಗೆ ಕೊರೆಯುವ ಉಪಕರಣ) ಹಾಕುವ ಕೆಲಸವನ್ನು ಮಾತ್ರ ಲೇತ್ ಕೆಲಸದವರಿಗೆ ಕೊಡಿ. ಮೇಲಿನ ಮತ್ತು ಕೆಳಗಿನ ಬುಷ್ ಒಂದೇ ನೇರದಲ್ಲಿ ಕೊರೆಯುವಷ್ಟು ಉದ್ದದ ರೀಮರ್ ಬೇಕು. ಪಿನ್ ಕೈಒತ್ತಿಗೆ ನಿಧಾನವಾಗಿ ಇಳಿಯಬೇಕು, ತಾನಾಗೇ ಬಿದ್ದರೆ ಸಡಿಲ. ಇಂಥ ಕಾರಿಗೆ ಗ್ರೀಸ್ ಹೊಡೆಯುವುದೇ ಆಯುಷ್ಯ. ಚಕ್ರ ಎತ್ತಿ, ಭಾರ ಇಲ್ಲದಾಗ ಹೊಡೆಯಿರಿ, ಹಳೇ ಗ್ರೀಸ್ ಹೊರಗೆ ಬರುವವರೆಗೆ. ಟ್ರಯಂಫ್ ಹೆರಾಲ್ಡ್, ಸ್ಪಿಟ್‌ಫೈರ್ ಇಟ್ಟುಕೊಂಡವರು ಗಮನಿಸಿ: ಕೆಳಗಿನ ತಿರುಪು ಕೀಲಾದ ಟ್ರನಿಯನ್‌ಗೆ ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್. ಒಣಗಿದರೆ ಅದರೊಳಗೆ ಕೂತಿರುವ ಕಬ್ಬಿಣದ ಕಡ್ಡಿ ತುಕ್ಕು ಹಿಡಿದು ಮುರಿಯುತ್ತದೆ, ಚಕ್ರ ಮಡಚಿಕೊಳ್ಳುತ್ತದೆ.

ಟಾರ್ಷನ್ ಬಾರ್ ತೆಗೆಯುವಾಗ ಏನು ಜೋಪಾನ?

ಎಡಬಲ ಅದಲು ಬದಲಾಗಬಾರದು. ಎಷ್ಟೋ ಸರಳುಗಳು ಒಂದು ದಿಕ್ಕಿಗೆ ತಿರುಚುವಂತೆ ಮೊದಲೇ ಪಳಗಿಸಿದವು, ಉಲ್ಟಾ ಹಾಕಿದರೆ ಕುಸಿಯಬಹುದು, ಮುರಿಯಲೂಬಹುದು. ಹಲ್ಲುಗಳು ಸೇರುವ ಜಾಗಕ್ಕೆ ಗುರುತು ಹಾಕಿ. ಸರಳಿನ ಮೈಯನ್ನು ವೈಸಿನಲ್ಲಿ ಕಚ್ಚಿಸಬೇಡಿ, ಸುತ್ತಿಗೆ ತಾಗಿಸಬೇಡಿ. ಒಂದು ಸಣ್ಣ ಗೀರಿನಿಂದಲೇ ಬಿರುಕು ಶುರುವಾಗುತ್ತದೆ.

ವೀಲ್ ಬೇರಿಂಗ್ ಎಷ್ಟು ಬಿಗಿ ಮಾಡಬೇಕು?

ಹಳೇ ಕಾರಿನ ಟೇಪರ್ ರೋಲರ್ ಬೇರಿಂಗ್ ಆದರೆ ಚಕ್ರ ತಿರುಗಿಸುತ್ತಾ ಸ್ವಲ್ಪ ಬಿಗಿ ಮಾಡಿ, ರೋಲರ್‌ಗಳು ಕೂರಲಿ. ಆಮೇಲೆ ನಟ್ಟು ಸಡಿಲಿಸಿ, ಬರೀ ಬೆರಳಿನಿಂದ ಬಿಗಿ ಮಾಡಿ. ಕಂಡೂ ಕಾಣದಷ್ಟು ಆಟ ಇರಬೇಕು. ಇಲ್ಲಿ ಮಾತ್ರ ಪಿನ್ ತೂತು ಸೇರದಿದ್ದರೆ ಹಿಂದಕ್ಕೆ ತಿರುಗಿಸಬೇಕು, ಬಾಲ್ ಜಾಯಿಂಟಿಗೆ ಹೇಳಿದ್ದರ ಉಲ್ಟಾ.

ಅಲೈನ್‌ಮೆಂಟ್ ಮನೆಯಲ್ಲೇ ಮಾಡ್ಕೋಬಹುದಾ?

ಅಲೈನ್‌ಮೆಂಟ್ ಮಾಡಿಸುವ ಜಾಗದವರೆಗೆ ಟೈರ್ ಹಾಳಾಗದೆ ತಲುಪುವಷ್ಟು ಖಂಡಿತ ಮಾಡಬಹುದು. ಸ್ಟಿಯರಿಂಗ್ ನೇರ ಇಟ್ಟು, ಕಾರಿನ ಎರಡೂ ಪಕ್ಕ ಚಕ್ರದ ನಡುವಿನ ಎತ್ತರಕ್ಕೆ ದಾರ ಎಳೆದು ಕಟ್ಟಿ. ಮುಂದಿನ ಎರಡು ಹಬ್‌ಗಳಿಂದ ದಾರದ ದೂರ ಒಂದೇ ಇರಬೇಕು, ಹಿಂದಿನ ಎರಡಕ್ಕೂ ತಮ್ಮಲ್ಲಿ ಒಂದೇ ಇರಬೇಕು, ಎರಡು ದಾರಗಳು ಒಂದಕ್ಕೊಂದು ಸಮಾನಾಂತರ ಇರಬೇಕು. ಈಗ ದಾರದಿಂದ ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಅಳೆಯಿರಿ. ಮುಂದಿನ ಅಂಚು ದಾರದಿಂದ 1 ಮಿಲಿಮೀಟರ್ ಜಾಸ್ತಿ ದೂರ ಇದ್ದರೆ ಆ ಚಕ್ರದ ಟೋ-ಇನ್ (ಚಕ್ರದ ಮುಂಭಾಗ ಒಳಕ್ಕೆ ತಿರುಗಿರುವುದು) 1 ಮಿಲಿಮೀಟರ್. ಕ್ಯಾಂಬರಿಗೆ ತೂಗುಗುಂಡು ಸಾಕು. ರಿಮ್‌ನ ಮೇಲಂಚಿಗೂ ಕೆಳಂಚಿಗೂ 360 ಮಿಲಿಮೀಟರ್ ಅಂತರ ಇದ್ದರೆ ದಾರದ ದೂರದಲ್ಲಿ ಸುಮಾರು 6 ಮಿಲಿಮೀಟರ್ ವ್ಯತ್ಯಾಸ ಅಂದರೆ 1 ಡಿಗ್ರಿ. ಕ್ಯಾಸ್ಟರ್ (ಚಕ್ರ ತಿರುಗಿಸುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ) ಅಳೆಯುವುದನ್ನು ಯಂತ್ರ ಇರುವವರಿಗೆ ಬಿಡಿ.

ಎಲ್ಲಾ ಹೊಸದು ಹಾಕ್ದೆ, ಆದ್ರೂ ಒಂದು ಕಡೆ ಎಳೀತಾ ಇದೆ

ಮೊದಲು ಮುಂದಿನ ಟೈರ್‌ಗಳ ಗಾಳಿ ನೋಡಿ, ಆಮೇಲೆ ಎರಡು ಟೈರನ್ನು ಎಡಬಲ ಬದಲಿಸಿ ಓಡಿಸಿ. ಎಳೆತ ದಿಕ್ಕು ಬದಲಿಸಿದರೆ ದೋಷ ಟೈರಿನದು. ಹಾಗಾಗದಿದ್ದರೆ ಒಂದು ಹೊತ್ತು ಓಡಿಸಿ ಬಂದು ಎರಡೂ ಚಕ್ರದ ರಿಮ್ ಹತ್ತಿರ ಕೈ ತನ್ನಿ, ಒಂದು ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದಿದೆ. ಕೆಲಸ ಮಾಡುವಾಗ ಬ್ರೇಕ್ ಕ್ಯಾಲಿಪರನ್ನು ಹೋಸಿನ ಮೇಲೆ ಜೋತುಬಿಟ್ಟಿದ್ದರೆ ಒಳಗೆ ಹೋಸ್ ಹಾಳಾಗಿ ಹೀಗಾಗುತ್ತದೆ, ಅದನ್ನು ಯಾವಾಗಲೂ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಬೇಕು. ಇದ್ಯಾವುದೂ ಅಲ್ಲದಿದ್ದರೆ ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ದೂರವನ್ನು ಎರಡೂ ಕಡೆ ಅಳೆಯಿರಿ. ಹತ್ತು ಮಿಲಿಮೀಟರ್ ವ್ಯತ್ಯಾಸ ಬಂದರೆ ಯಾವುದೋ ಆರ್ಮ್ ಬಾಗಿದೆ ಅಥವಾ ಹಿಂದೆಂದೋ ಕಾರು ಗುದ್ದಿಸಿಕೊಂಡಿದೆ. ಬಾಗಿದ ಆರ್ಮನ್ನು ಕಾಯಿಸಿ ನೆಟ್ಟಗೆ ಮಾಡಬೇಡಿ, ಬದಲಿಸಿ.

ಜೋಡಿಸಿದ ಮೇಲೆ ಸೀದಾ ದೂರದ ಪ್ರಯಾಣಕ್ಕೆ ಹೋಗಬಹುದಾ?

ಬೇಡ. ಮೊದಲು ನಿಂತಲ್ಲೇ ಬ್ರೇಕ್ ಪೆಡಲನ್ನು ನಾಲ್ಕೈದು ಸಲ ಒತ್ತಿ ಗಟ್ಟಿ ಆಗಿದೆಯಾ ನೋಡಿ. ಸ್ಟಿಯರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಬ್ರೇಕ್ ಹೋಸ್ ಎಲ್ಲೂ ಎಳೆಯುತ್ತಿಲ್ಲ, ಉಜ್ಜುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹತ್ತು ನಿಮಿಷ ಓಡಿಸಿ ಬಂದು ವೀಲ್ ನಟ್ಟುಗಳಿಗೆ ಮತ್ತೆ ಟಾರ್ಕ್ ಹಾಕಿ. ಸುಮಾರು 100 ಕಿಲೋಮೀಟರ್ ಆದ ಮೇಲೆ ಪ್ರತಿ ಬೋಲ್ಟನ್ನೂ ಇನ್ನೊಮ್ಮೆ ನೋಡಿ. ನಾನು ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಬಿಳಿ ಪೇಂಟಿನಿಂದ ಒಂದು ಗೆರೆ ಎಳೆದಿರುತ್ತೇನೆ, ನಟ್ಟಿನಿಂದ ಆರ್ಮಿನವರೆಗೆ. ಟಾರ್ಚ್ ಹಾಕಿ ಬಗ್ಗಿದರೆ ಗೆರೆ ಎಲ್ಲಿ ಮುರಿದಿದೆ ಅಂತ ಕೂಡಲೇ ಕಾಣುತ್ತದೆ.